ಕೌಜುಗಕ್ಕೆ ಬಿತ್ತಿದ ಅಕ್ಕಡಿ ಸಾಲು

ಸಂಕ್ರಾಂತಿಯ ಹಿಂದಿನ ವಾರ ತರೀಕೆರೆಯಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನ ಹೊರಗೆ ಹೆಂಗಸೊಬ್ಬಳು ಗೋಣಿಚೀಲದ ಬಾಯಿ ಬಿಚ್ಚಿ ಅವರೆಕಾಯಿ ಸುರಿಯುತ್ತಿದ್ದಳು. ಬಿಸಿಲು ಬಿದ್ದ ಕಾಯಿ, ಸೊಗಡು ಗಮ್ಮೆಂದು ಮೂಗಿಗೆ ಹೊಡೆಯಿತು. ಮಗಳು ಚೀಲ ಹಿಡಿದು ಕುಕ್ಕರುಗಾಲಲ್ಲಿ ಕೂತೇಬಿಟ್ಟಳು. "ಅಮ್ಮಾ, ಎರಡು ಕೆಜಿ ತಗೊಳ್ಳೋಣ, ಹಿತಕವರೆ ಸಾರು ಮಾಡಿಕೊಡು" ಎಂದಳು. ತಗೋ, ಆದರೆ ಸಾರು ನೀನೇ ಮಾಡಿಕೋ, ನಾನು ತಿನ್ನುವುದಿಲ್ಲ ಎಂದೆ. ಕಾಶಿಗೆ ಹೋದವರು ಇಷ್ಟವಾದದ್ದೊಂದನ್ನು ಬಿಟ್ಟು ಬರುತ್ತಾರೆ. ನಾನು ಕಾಶಿಗೆ ಹೋಗದೆಯೇ ಅವರೆಯನ್ನು ಬಿಟ್ಟವಳು. ಮಗಳಿಗೆ ಅದು ಗೊತ್ತು, ಯಾಕೆಂದು ಗೊತ್ತಿಲ್ಲ. ಅವಳಪ್ಪ ತೀರಿಕೊಂಡ ವರ್ಷದ ಮಾತು ಅದು.

ನಮ್ಮ ಯಜಮಾನರು ಓಂಕಾರಪ್ಪ ಬಸ್ ಡ್ರೈವರ್ ಆಗಿದ್ದವರು. ತರೀಕೆರೆ, ಅಜ್ಜಂಪುರ, ಬೀರೂರು, ಕಡೂರು ಎಂದು ಇದೇ ರಸ್ತೆಗಳನ್ನು ಜೀವಮಾನವಿಡೀ ಸವೆಸಿದರು. ಸರ್ವೀಸ್ ಇರುವಷ್ಟು ದಿನ ಅಜ್ಜಂಪುರದಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದೆವು. ರಿಟೈರ್ ಆದಮೇಲೆ ಹಿರೇನಲ್ಲೂರಿನ ಕಡೆಗಿರುವ ಅವರ ಊರಿಗೆ ಬಂದೆವು. ಮಳೆ ನಂಬಿಕೊಂಡ ಹೊಲ, ರಾಗಿಯ ಸೀಮೆ. ತರೀಕೆರೆಯ ಕಾಲುವೆ ನೀರು ನೋಡಿಕೊಂಡು ಬೆಳೆದ ನನಗೆ ಅಲ್ಲಿಯ ಬಿಸಿಲು ಒಗ್ಗಲು ಸ್ವಲ್ಪ ದಿನ ಹಿಡಿಯಿತು. ಅವರಿಗಂತೂ ಊರು ಸೇರಿದ್ದೇ ಸ್ವರ್ಗ.

ಮೊದಲ ದಿನವೇ ಬೆಳಗಿನ ಜಾವ ಎದ್ದು ಜಗಲಿಯ ಮೇಲೆ ಕೂತರು. ನಾನು ಕಾಫಿ ಕೊಟ್ಟರೆ ಲೋಟ ಹಿಡಿದುಕೊಂಡೇ ಇದ್ದಾರೆ, ಕುಡಿಯಲೊಲ್ಲರು.

"ಕೌಜುಗ ಕೂಗ್ತಾನೇ ಇಲ್ವಲ್ಲೇ" ಎಂದರು.

"ಅಷ್ಟು ವರ್ಷ ಇಂಜಿನ್ ಪಕ್ಕ ಕೂತಿದ್ದೀರಿ, ಕಿವಿ ಹೋಗಿರ್ಬೇಕು" ಎಂದೆ.

"ಕಿವಿ ಹೋಗಿಲ್ಲ ಕಣೇ, ಹಕ್ಕಿ ಹೋಗಿದಾವೆ."

ಅಂದು ಮಧ್ಯಾಹ್ನ ತಮ್ಮನನ್ನು ಕೇಳಿದರು. ಮೈದುನ ಚಂದ್ರಣ್ಣ ಅಷ್ಟು ವರ್ಷ ನಮ್ಮ ಹೊಲವನ್ನೂ ತನ್ನದರ ಜೊತೆಗೆ ಮಾಡಿಕೊಂಡು ಬಂದವನು. "ಕಳೆ ಔಷಧಿ ಬಂದ್ಮೇಲೆ ಬದುವಿನ ಹುಲ್ಲೇ ಇಲ್ಲ, ಕೌಜುಗ ಎಲ್ಲಿಂದ ಬತ್ತಾವಣ್ಣ? ರಾಗಿ ನಡುವೆ ಅಕ್ಕಡಿ ಸಾಲು ಹಾಕೋರೂ ಯಾರಿಲ್ಲ ಈಗ. ಟ್ರ್ಯಾಕ್ಟರ್‌ನಲ್ಲಿ ಬರೀ ರಾಗಿ ಚೆಲ್ಲೋದು, ಮಿಷನ್‌ನಲ್ಲಿ ಕೊಯ್ಯೋದು" ಎಂದ. ಚಂದ್ರಣ್ಣನಿಗೆ ಅಣ್ಣನೆಂದರೆ ಪ್ರಾಣ. ಅವನು ಸಣ್ಣವನಿದ್ದಾಗ ಇವರು ಈ ದಾರಿಯಲ್ಲಿ ಬಸ್ ತರುವ ದಿನ ಊರ ಗೇಟಿನಲ್ಲಿ ವೇಗ ತಗ್ಗಿಸಿ, ಕಿಟಕಿಯಿಂದ ಖಾರ ಮಂಡಕ್ಕಿಯ ಪೊಟ್ಟಣ ಎಸೆದು ಹೋಗುತ್ತಿದ್ದರಂತೆ. ಅದನ್ನು ಅವನು ಇವತ್ತಿಗೂ ಹೇಳುತ್ತಾನೆ, ಹೇಳುವಾಗಲೆಲ್ಲ ಎರಡೂ ಕೈ ಮುಂದೆ ಚಾಚಿ ಹಿಡಿಯುವುದನ್ನು ತೋರಿಸುತ್ತಾನೆ.

ಕೌಜುಗದ ಮೇಲೆ ಇವರಿಗೆ ಇಂಥ ಹುಚ್ಚು ಯಾಕೆಂದು ಹೇಳಬೇಕಾದರೆ ಬಷೀರಣ್ಣನ ವಿಷಯಕ್ಕೆ ಬರಬೇಕು. ಅಜ್ಜಂಪುರದ ಬಷೀರಣ್ಣ ಹಾಸಿಗೆ ಹೊಲಿಯುವವನು. ಅವನಪ್ಪ ಬೇಸಿಗೆ ಬಂತೆಂದರೆ ಹತ್ತಿ ಎಕ್ಕುವ ಬಿಲ್ಲು ಹೆಗಲಿಗೇರಿಸಿ ಮಗನನ್ನೂ ಕರೆದುಕೊಂಡು ನಮ್ಮೂರಿಗೆ ಬರುತ್ತಿದ್ದನಂತೆ. ದಿನವೆಲ್ಲ ಹತ್ತಿ ಎಕ್ಕಿ, ಸಂಜೆ ಬಲೆ ಹಿಡಿದು ಹೊಲ ಸುತ್ತುವುದು ಅವರ ರೂಢಿ. ಸಾಕಿದ ಗಂಡು ಕೌಜುಗವೊಂದು ಪಂಜರದಲ್ಲಿ ಜೊತೆಗೇ ಇರುತ್ತಿತ್ತು. ಅದು ಕೂಗಿದರೆ ಕಾಡಿನ ಗಂಡು ರೊಚ್ಚಿಗೆದ್ದು ಜಗಳಕ್ಕೆ ಬಂದು ಬಲೆಗೆ ಬೀಳುತ್ತಿತ್ತು. ನಮ್ಮವರಿಗೆ ಆಗ ಚಡ್ಡಿ ಹಾಕುವ ವಯಸ್ಸು, ಅವರ ಬೆನ್ನು ಬಿಡುತ್ತಿರಲಿಲ್ಲ. ಮಾಂಸ ಮುಟ್ಟದ ಮನೆ ನಮ್ಮದು. "ಕೊರಳಲ್ಲಿ ಲಿಂಗ, ಕಂಕುಳಲ್ಲಿ ಬಲೆ, ಯಾವ ಮಠದ ದೀಕ್ಷೆನೋ ಇದು?" ಎಂದು ಅತ್ತೆ ಪೊರಕೆ ತೆಗೆದುಕೊಂಡು ಅಟ್ಟಿಸಿಕೊಂಡು ಬರುತ್ತಿದ್ದರಂತೆ.

ಹಾಗೆ ನೋಡಿದರೆ ಆ ಹಕ್ಕಿಗಳಿಗೆ ಮೇವಿಟ್ಟವರು ನಮ್ಮ ಮಾವನೇ. ಕಡೂರಿನಿಂದ ಸಾಹೇಬರು ಕೋವಿ ಹಿಡಿದು ಬೇಟೆಗೆ ಬರುತ್ತಿದ್ದ ಕಾಲ ಅದು. ಅವರು ಬಂದಾಗ ಹಕ್ಕಿ ಸಿಗಲಿ ಎಂದು ಹೊಲದ ಬಡಗಣ ಬದುವಿಗೆ ಒಂದು ಪಟ್ಟಿಯಷ್ಟು ನೆಲದಲ್ಲಿ ಅವಕ್ಕೆ ಬೇಕಾದ್ದು ಬಿತ್ತಿ ಕೊಯ್ಯದೆ ಬಿಡು ಎಂದು ಪಟೇಲರು ಮಾವನಿಗೆ ತಾಕೀತು ಮಾಡಿದ್ದರು. ಮಾವ ಗೊಣಗಿಕೊಂಡೇ ಬಿತ್ತುತ್ತಿದ್ದರು. ಸಾಹೇಬರು ಹೊಡೆದದ್ದು ಅಷ್ಟಕ್ಕಷ್ಟೆ, ಆದರೆ ಆ ಪಟ್ಟಿಯಿಂದಾಗಿ ಊರ ಸುತ್ತ ಎಲ್ಲಿ ನೋಡಿದರೂ ಕೌಜುಗ. ಕಾನೂನು ಬಂದು ಬೇಟೆ ನಿಂತಿತು. ಬಷೀರಣ್ಣ ಪಂಜರದ ಹಕ್ಕಿಯನ್ನು ತಂದು ಅದೇ ಬದುವಿನಲ್ಲಿ ಬಿಟ್ಟ. ಕೈಯಲ್ಲಿ ತಿಂದು ಬೆಳೆದ ಹಕ್ಕಿ, ಹಾರುವುದು ಬಿಟ್ಟು ಅವನ ಕಾಲ ಹಿಂದೆಯೇ ನಡೆದುಕೊಂಡು ಊರೊಳಗೆ ಬಂತಂತೆ. ಅವತ್ತೇ ಬೆಕ್ಕು ಹಿಡಿಯಿತು. ಅವನು ಅಲ್ಲಿಂದಾಚೆಗೆ ಯಾವ ಹಕ್ಕಿಯನ್ನೂ ಹಿಡಿಯಲಿಲ್ಲ, ಸಾಕಲೂ ಇಲ್ಲ.

ನಾವು ಊರಿಗೆ ಬಂದ ವರ್ಷ ರೋಹಿಣಿ ಮಳೆ ಚೆನ್ನಾಗಿ ಬಿತ್ತು. ಇವರು ಬಷೀರಣ್ಣನಿಗೆ ಫೋನ್ ಮಾಡಿ ಕರೆಸಿದರು. ಹತ್ತಿಯ ಧೂಳು ಕುಡಿದು ಕುಡಿದು ಅವನಿಗೆ ಉಬ್ಬಸ, ಬಸ್ಸಿಳಿದು ನಮ್ಮ ಜಗಲಿಗೆ ಬರುವಷ್ಟರಲ್ಲಿ ಎರಡು ಕಡೆ ಕೂತು ಎದ್ದ. ಇವರು ಜಗಲಿಯ ಮೇಲೆ ಮೊರದಲ್ಲಿ ಬೀಜಗಳನ್ನು ಗುಪ್ಪೆ ಗುಪ್ಪೆಯಾಗಿ ಇಟ್ಟುಕೊಂಡು ಕಾಯುತ್ತಿದ್ದರು. ರಾಗಿ ಹೇಗೂ ಸರಿ, ರಾಗಿಯ ನಡುನಡುವೆ ಅಕ್ಕಡಿ ಸಾಲಿಗೆ ಏನು, ಬಡಗಣ ಬದುವಿನ ಪಟ್ಟಿಗೆ ಏನು ಎಂಬುದೇ ಪ್ರಶ್ನೆ.

"ಸಜ್ಜೆ ಹಾಕಾಣ. ತೆನೆ ಚೆನ್ನಾಗಿರುತ್ತೆ" ಎಂದರು ಇವರು.

"ಅರೇ, ಸಜ್ಜೆ ಗಿಣಿಗೆ ಕಣೋ ಓಂಕಾರಪ್ಪ. ಮೇಲೆ ಕೂತು ತಿನ್ನೋ ಹಕ್ಕಿ ಬೇರೆ, ಕೆಳಗೆ ಓಡೋ ಹಕ್ಕಿ ಬೇರೆ."

"ಹಂಗಾದ್ರೆ ಸಾವೆ?"

"ಸಾವೆ ಬದುವಿಗೆ ಹಾಕು. ಕೊಯ್ಯೋಕಲ್ಲ, ಉದುರೋಕೆ. ಆದ್ರೆ ಅದೊಂದನ್ನೇ ನಂಬಬೇಡ. ದಸರಾಕ್ಕೆ ಒಣಗಿ ಮಲಗಿಬಿಡ್ತದೆ. ಆಮೇಲೆ ಮೇಲಿಂದ ಗಿಡುಗ ನೋಡಿದ್ರೆ ಬೋಳು ತಲೆ ನೋಡ್ದಂಗೆ."

"ಜೋಳ?"

"ಜೋಳದ ಕೆಳಗೆ ನೆರಳೇ ಇಲ್ಲ. ತೊಗರಿ ಹಾಕು. ಮೇಲೆ ಚಪ್ಪರ, ಕೆಳಗೆ ಅಂಗಳ. ಹಕ್ಕಿ ಓಡೋಕೆ ದಾರಿ ಬೇಕು. ಶಿವರಾತ್ರಿವರೆಗೂ ನಿಲ್ತದೆ."

"ಹುರುಳಿ?"

"ಹಾಕು, ದಟ್ಟವಾಗಿ ಬೇಡ. ಇಬ್ಬನಿ ಬಿದ್ದ ಹುರುಳಿಯಲ್ಲಿ ಸಣ್ಣ ಮರಿ ನೆಂದು ಸಾಯ್ತವೆ."

ಮರಿಗಳು ಮೊದಮೊದಲು ಕಾಳು ತಿನ್ನುವುದಿಲ್ಲ, ಹುಳವೇ ತಿನ್ನುವುದು. ಅದಕ್ಕೇ ಹುಳ ಕೂರುವಂಥ ಹೂವು ಬೇಕು, ಹುಚ್ಚೆಳ್ಳು ಹಾಕಬೇಕು ಎಂದು ಇವರು. ಹುಚ್ಚೆಳ್ಳು ಸರಿ, ಆದರೆ ಅವರೆಯೂ ಇರಲಿ, ಅವರೆ ಬಳ್ಳಿ ತೊಗರಿಗೆ ಹಬ್ಬಿದರೆ ಸಂದು ಮುಚ್ಚುತ್ತದೆ ಎಂದು ಅವನು. ಬೀಜದ ಗುಪ್ಪೆಗಳು ಆ ಮೊರದಿಂದ ಈ ಮೊರಕ್ಕೆ, ಈ ಮೊರದಿಂದ ಆ ಮೊರಕ್ಕೆ. ನಾನು ಒಳಗಿನಿಂದ "ಮಗಳಿಗೆ ಗಂಡು ನೋಡುವಾಗಲೂ ನೀವು ಇಷ್ಟು ಚರ್ಚೆ ಮಾಡ್ಲಿಲ್ಲ" ಎಂದೆ. ಬಷೀರಣ್ಣ ನಕ್ಕು ಕೆಮ್ಮಿದ. "ಗಂಡು ತಪ್ಪಿದ್ರೆ ಮಗಳು ವಾಪಸ್ ಬತ್ತಾಳೆ ಗಿರಿಜಕ್ಕ, ಹಕ್ಕಿ ಬರಲ್ಲ" ಎಂದ. ಅವನ ಬಾಯಿಗಿಷ್ಟು ಬೆಂಕಿ ಎಂದು ಬೈದೆ, ಬೈದು ಮತ್ತೆ ಕಾಫಿ ಕೊಟ್ಟೆ.

ಕೊನೆಗೆ ಟ್ರ್ಯಾಕ್ಟರ್ ಬೇಡವೆಂದು ಅಟ್ಟದ ಮೇಲಿದ್ದ ಮಾವನ ಕಾಲದ ಕೂರಿಗೆಯನ್ನು ಇಳಿಸಿದರು. ಎತ್ತು ಚಂದ್ರಣ್ಣನವು. ಕೂರಿಗೆಯ ಹಿಂದೆ ಅಕ್ಕಡಿ ಬೀಜಕ್ಕೆ ಸಡ್ಡೆ ಎಂಬ ಬಿದಿರಿನ ಕೊಳವೆ ಕಟ್ಟಿ, ಅದರ ಬಟ್ಟಲಿಗೆ ನಾನೇ ಬೀಜ ಬಿಡುತ್ತಾ ನಡೆದೆ. ತರೀಕೆರೆಯವಳಿಗೆ ಸಡ್ಡೆ ಹಿಡಿಯಲು ಬರುತ್ತದೆಯೇ ಎಂದು ಬಿತ್ತನೆಗೆ ಬಂದವರೆಲ್ಲ ನಕ್ಕರು. ನನ್ನ ಸಾಲು ಹಾವು ಹರಿದ ಹಾಗೆ ಸೊಟ್ಟಗಿತ್ತು. ಇವರು ಮಾತ್ರ "ಇರ್ಲಿ ಬಿಡ್ರೋ, ಹಕ್ಕಿ ಏನು ದಾರ ಹಿಡಿದು ನೋಡ್ತಾವಾ?" ಎಂದುಬಿಟ್ಟರು. ಎಂದ ಮೇಲೆ ನಾಲಿಗೆ ಕಚ್ಚಿಕೊಂಡರು.

ಯಾಕೆಂದರೆ ಇದು ಹಕ್ಕಿಗಾಗಿ ಎಂದು ಯಾರಿಗೂ ತಿಳಿಯಬಾರದು ಎಂಬುದು ಅವರಿಬ್ಬರ ತೀರ್ಮಾನವಾಗಿತ್ತು. ಚಂದ್ರಣ್ಣನಿಗೂ ಹೇಳಿರಲಿಲ್ಲ. ತಮ್ಮನಿಗೆ ಹೇಳಿದರೇನು ಎಂದು ನಾನು ಕೇಳಿದ್ದೆ.

"ಚಂದ್ರನ ಬಾಯಲ್ಲಿ ಎಳ್ಳು ನೆನೆಯಲ್ಲ ಕಣೇ. ಅವನಿಗೆ ಹೇಳೋದೂ ಒಂದೇ, ಹಿರೇನಲ್ಲೂರು ಸಂತೇಲಿ ಡಂಗೂರ ಹೊಡೆಯೋದೂ ಒಂದೇ. ನಾಳೆನೇ ಉರುಲು ಹಾಕೋರು ಬತ್ತಾರೆ."

"ಹೌದು ಗಿರಿಜಕ್ಕ, ಹಿಡಿಯೋ ಕೆಲಸ ಮಾಡ್ದೋನು ನಾನು, ನಂಗೊತ್ತು" ಎಂದು ಬಷೀರಣ್ಣನೂ ಸೇರಿಸಿದ.

"ಒಂದ್ಸಲ ಮರಿ ಮಾಡಿ ಬೇಸಿಗೆ ದಾಟಿಬಿಟ್ರೆ ಸಾಕು. ಹುಟ್ಟಿದ ಜಾಗ ಅವು ಬಿಡಲ್ಲ. ಆಮೇಲೆ ನಾನೇ ಊರಿಗೆಲ್ಲ ಹೇಳ್ತೀನಿ" ಎಂದರು ಇವರು. ಅವರಿಗೆ ಬೇಕಿದ್ದದ್ದು ಇಷ್ಟೇ. ದುಡಿದು ಮನೆ ಸೇರಿದ ಗಂಡಸಿಗೆ ಬೆಳಿಗ್ಗೆ ತನ್ನ ಹೊಲದಿಂದ ಒಂದು ಕೂಗು ಕೇಳಬೇಕು.

ಊರಿನವರ ಕಣ್ಣಿಗೆ ನಮ್ಮ ಹೊಲ ಕಲಸುಮೇಲೋಗರವಾಯಿತು. ಬದುವಿನ ಹುಲ್ಲು ಮೊಳಕಾಲುದ್ದ ಬೆಳೆಯಿತು. ಚಂದ್ರಣ್ಣನಿಗೆ ಅದು ಕಂಡರೆ ಅವಮಾನ. "ಅಣ್ಣಾ, ದಾರಿಲಿ ಹೋಗೋರೆಲ್ಲ ಕೇಳ್ತಾರೆ, ಡ್ರೈವರಪ್ಪನ ಹೊಲ ಬೀಳು ಬಿತ್ತಾ ಅಂತ. ಒಂದು ಕ್ಯಾನ್ ಔಷಧಿ ಹೊಡೆದ್ರೆ ಎರಡು ದಿನದಲ್ಲಿ ಸುಟ್ಟೋಗುತ್ತೆ" ಎನ್ನುತ್ತಿದ್ದ. "ಇರ್ಲಿ ಬಿಡೋ, ನೀನು ಮುಟ್ಬೇಡ" ಎನ್ನುತ್ತಿದ್ದರು. ಅಣ್ಣನ ಮಾತಿಗೆ ಎದುರಾಡಿ ಗೊತ್ತಿಲ್ಲದವನು, ತನ್ನ ಹೊಲದ ಕಡೆ ಹೊರಟುಹೋಗುತ್ತಿದ್ದ.

ಗೌರಿ ಹಬ್ಬಕ್ಕೆ ಇನ್ನೂ ಸ್ವಲ್ಪ ದಿನವಿತ್ತು. ಒಂದು ಬೆಳಿಗ್ಗೆ ನಾನು ಒಲೆ ಮುಂದೆ ಇದ್ದೆ. ಇವರು ಹೊಲದ ಕಡೆಯಿಂದ ಪಂಚೆ ಎತ್ತಿಕಟ್ಟಿ ಓಡಿಬಂದರು. ಯಾರಿಗೋ ಏನೋ ಆಯಿತೆಂದು ಒಲೆ ಬಿಟ್ಟು ಎದ್ದೆ. "ಬಂತು ಕಣೇ, ಬಾ, ಬೇಗ ಬಾ" ಎಂದು ಕೈ ಹಿಡಿದು ಎಳೆದುಕೊಂಡು ಹೋದರು. ಮದುವೆಯಲ್ಲಿ ಹಿಡಿದದ್ದು ಬಿಟ್ಟರೆ ಊರ ದಾರಿಯಲ್ಲಿ ನನ್ನ ಕೈ ಹಿಡಿದದ್ದು ಅದೇ. ಬದುವಿನ ಈಚೆ ನಿಂತೆವು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ತೊಗರಿ ಸಾಲಿನೊಳಗಿಂದ ಒಂದೇ ಸಮನೆ ಕೂಗು, ನಿಲ್ಲಿಸು ಎಂದರೂ ನಿಲ್ಲದ ಹಾಗೆ. ಎಣ್ಣೆ ಕಾಣದ ಬಾವಿ ರಾಟೆ ತಿರುಗಿದ ಹಾಗಿದೆಯಲ್ಲ ಎಂದೆ. ಅವರಿಗೆ ಬಹಳ ಕೋಪ ಬಂತು. ನನಗೆ ಬೆನ್ನು ತಿರುಗಿಸಿ ಬಷೀರಣ್ಣನಿಗೆ ಫೋನ್ ಹಚ್ಚಿ, ಮಾತೇ ಆಡದೆ ಫೋನನ್ನು ಹೊಲದ ಕಡೆಗೆ ಹಿಡಿದು ನಿಂತರು. ಕೂಗು ನಿಂತ ಮೇಲೆ ಕಿವಿಗಿಟ್ಟುಕೊಂಡರು. ಆ ಕಡೆ ಬಷೀರಣ್ಣ ಅಳುತ್ತಿದ್ದ. ಇವರೂ ಅತ್ತರು. ಇಬ್ಬರು ಗಂಡಸರು ಒಂದು ಹಕ್ಕಿಗಾಗಿ ಹೀಗೆ ಅಳುವುದನ್ನು ನೋಡಿ ನನಗೆ ನಗು ಬಂತು, ನಗುತ್ತಲೇ ನನ್ನ ಕಣ್ಣೂ ಒದ್ದೆಯಾಯಿತು.

ಹೆಣ್ಣು ಹಕ್ಕಿ ಬದುವಿನ ಬುಡದಲ್ಲಿ, ಹುರುಳಿ ಬಳ್ಳಿಯ ಮರೆಯಲ್ಲಿ ಮೊಟ್ಟೆ ಇಟ್ಟಿತು. ಇವರು ಒಂದು ಸಲ ಕಂಡವರು ಆಮೇಲೆ ಆ ಕಡೆ ಕಾಲಿಡಲಿಲ್ಲ, ನಾಯಿಯೋ ಮುಂಗುಸಿಯೋ ಮನುಷ್ಯನ ಹೆಜ್ಜೆ ವಾಸನೆ ಹಿಡಿದು ಬರುತ್ತದೆಂದು. ದೂರದ ಹೊಂಗೆ ಮರದ ಕೆಳಗೆ ಕೂತು ನೋಡುವುದೇ ಕೆಲಸ. ಹುಚ್ಚೆಳ್ಳು ಹಳದಿಯಾಗಿ ಹೂ ಬಿಟ್ಟಿತ್ತು. ಒಂದು ಸಂಜೆ ತಾಯಿಯ ಹಿಂದೆ ಮರಿಗಳು ಸಾಲಾಗಿ ಓಡಿದವು. ಎಷ್ಟೆಂದು ಎಣಿಸಲು ಹೋಗಿ ಇವರು ಪ್ರತಿಸಲವೂ ತಪ್ಪುತ್ತಿದ್ದರು. ರಾಗಿ ತೆನೆ ಹಾಯುವ ಹೊತ್ತಿಗೆ ಮರಿಗಳೂ ಸ್ವಲ್ಪ ಹಾರುವಂತಾದವು. "ಇನ್ನು ಸುತ್ತಲ ಹೊಲ ಎಲ್ಲ ಕೊಯ್ತಾರೆ. ಆಗ ಇವಕ್ಕೆ ಈ ಪಟ್ಟಿ, ಈ ಸಾಲು ಬಿಟ್ರೆ ಬೇರೆ ಗತಿ ಇಲ್ಲ. ನಮ್ದು ಮಾತ್ರ ನಿಂತಿರ್ಬೇಕು" ಎಂದರು.

ಅದನ್ನು ಹೇಳುವಾಗ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಿದ್ದರು. ಗ್ಯಾಸು ಎಂದು ಓಮಿನಕಾಳು ಕೊಟ್ಟೆ. ನವರಾತ್ರಿಯಲ್ಲಿ ಕಣ್ಣು ಹಳದಿಯಾಯಿತು. ತರೀಕೆರೆಯಲ್ಲಿ ತೋರಿಸಿದೆವು, ಅವರು ಶಿವಮೊಗ್ಗಕ್ಕೆ ಕಳಿಸಿದರು. ಶಿವಮೊಗ್ಗದ ಡಾಕ್ಟರು ಪ್ಯಾಂಕ್ರಿಯಾಸ್ ಎಂದರು. ಮನುಷ್ಯನ ಹೊಟ್ಟೆಯಲ್ಲಿ ಅಂಥದ್ದೊಂದು ಇದೆಯೆಂದು ನನಗೆ ತಿಳಿದದ್ದೇ ಅವತ್ತು, ಅದು ನಮ್ಮವರನ್ನು ಕೊಂಡುಹೋಗುತ್ತದೆಂದು ತಿಳಿದದ್ದೂ ಅವತ್ತೇ.

ಆಸ್ಪತ್ರೆಯಲ್ಲೇ ದೀಪಾವಳಿ ಕಳೆಯಿತು. ಆಪರೇಷನ್ ಆಯಿತು, ಹೊಲಿಗೆ ಕೂಡಲಿಲ್ಲ, ಮತ್ತೆ ಜ್ವರ. ಇವರು ದಿನಾ ಒಂದೇ ಕೇಳುವುದು, ಹಕ್ಕಿ ಇದಾವಂತಾ? ಬಷೀರಣ್ಣ ಉಬ್ಬಸ ಕಟ್ಟಿಕೊಂಡು ಅಜ್ಜಂಪುರದಿಂದ ಹೋಗಿ ನೋಡಿಬಂದು ಫೋನ್ ಮಾಡುತ್ತಿದ್ದ. ಇದಾವೆ, ಇವತ್ತು ಬದುವಿನಿಂದ ಎದ್ದವು, ಮರಿ ತಾಯಿಯಷ್ಟೇ ಆಗಿದಾವೆ. ಅದು ಕೇಳಿದ ದಿನ ಎರಡು ಗುಟುಕು ಗಂಜಿ ಹೆಚ್ಚು ಕುಡಿಯುತ್ತಿದ್ದರು. ಕಾರ್ತೀಕದ ಕೊನೆಗೆ ಚಳಿ ಬಿದ್ದು ಬಷೀರಣ್ಣನೂ ಹಾಸಿಗೆ ಹಿಡಿದ. ಹಕ್ಕಿ ನೋಡಲು ಹೊಲದ ಕಡೆ ಹೋಗುವವರು ಯಾರೂ ಉಳಿಯಲಿಲ್ಲ.

ಚಂದ್ರಣ್ಣ ಫೋನಿನಲ್ಲಿ "ಹೊಲದ ಚಿಂತೆ ಬಿಡಿ ಅತ್ತಿಗೆ, ನಾನಿದೀನಿ" ಎಂದಿದ್ದ. ಕೊಯ್ದರೆ ರಾಗಿ ಅಷ್ಟೇ ಕೊಯ್ಸಪ್ಪ, ಅಕ್ಕಡಿ ಇನ್ನೂ ಹಸಿ ಇದೆ, ನಾವು ಬಂದು ನೋಡ್ತೀವಿ ಎಂದು ನಾನೂ ಹೇಳಿದ್ದೆ. ಆಯ್ತು ಎಂದಿದ್ದ.

ಬಟ್ಟೆಬರೆ ತರಲೆಂದು ಮಗಳನ್ನು ಅವರ ಹತ್ತಿರ ಕೂರಿಸಿ ನಾನೊಂದು ದಿನ ಊರಿಗೆ ಬಂದೆ. ಗೇಟಿನಲ್ಲಿ ಬಸ್ಸಿಳಿದು ನೋಡಿದರೆ ನಮ್ಮ ಹೊಲದ ತುಂಬ ಜನ. ಮುಯ್ಯಾಳು ಬಂದಿದ್ದರು. ಒಬ್ಬರ ಹೊಲಕ್ಕೆ ಇನ್ನೊಬ್ಬರು ಬಂದು ದುಡಿಯುವುದು, ಅವರ ಹೊಲಕ್ಕೆ ಇವರು ಹೋಗಿ ತೀರಿಸುವುದು ನಮ್ಮೂರಲ್ಲಿ ಇನ್ನೂ ಉಳಿದಿರುವ ಒಂದು ನಡವಳಿಕೆ. ಮನೆಯಲ್ಲಿ ಕಾಯಿಲೆಯಿದ್ದರೆ ಕರೆಯದೆಯೇ ಬರುತ್ತಾರೆ. ರಾಗಿ ಕೊಯ್ದು ಮೆದೆ ಹಾಕಿಯಾಗಿತ್ತು. ತೊಗರಿ ಇರಲಿಲ್ಲ. ಅವರೆ, ಹುರುಳಿ, ಹುಚ್ಚೆಳ್ಳು ಯಾವುದೂ ಇರಲಿಲ್ಲ. ಬಡಗಣ ಬದುವಿಗೆ ಬೆಂಕಿ ಕೊಟ್ಟಿದ್ದರು. ಅಲ್ಲಿ ಉದ್ದಕ್ಕೂ ಕರಿ, ಇನ್ನೂ ಸಣ್ಣಗೆ ಹೊಗೆಯಾಡುತ್ತಿತ್ತು.

ಚಂದ್ರಣ್ಣ ಬೆವರು ಒರೆಸಿಕೊಂಡು ಓಡಿಬಂದ. ಮುಖದ ತುಂಬ ಮಸಿ.

"ನೋಡಿ ಅತ್ತಿಗೆ, ಕನ್ನಡಿ ಮಾಡಿದೀವಿ ಹೊಲಾನ!"

"ಅಕ್ಕಡಿ ಬಿಡು ಅಂದಿದ್ನಲ್ಲಪ್ಪಾ" ಎಂದೆ.

"ಬಿಟ್ಟಿದ್ದೆ ಅತ್ತಿಗೆ, ನೀವಂದಂಗೇ ಬಿಟ್ಟಿದ್ದೆ. ಆದ್ರೆ ದೊಡ್ಡೋರೆಲ್ಲ ಬೈದ್ರು. ಅರ್ಧ ಕೊಯ್ದು ಬಿಟ್ಟ ಹೊಲ ಒಳ್ಳೇದಲ್ಲ, ಯಜಮಾನ ಮಲಗಿದಾಗ ಹಂಗೆ ಬಿಡಬಾರ್ದು, ಸಾವಿನ ಮನೆ ಹೊಲ ಹಂಗಿರೋದು ಅಂದ್ರು. ನಂಗೆ ಎದೆ ಒಡೆದೋಯ್ತು. ಅಣ್ಣಂಗೆ ಏನೂ ಆಗಬಾರ್ದು ಅತ್ತಿಗೆ. ಅದಕ್ಕೇ ಒಂದು ಕಡ್ಡಿನೂ ಬಿಡ್ಲಿಲ್ಲ."

ಅವನ ಕಣ್ಣಲ್ಲಿ ನೀರಿತ್ತು. ಹೊರೆ ಕಟ್ಟುತ್ತಿದ್ದ ಒಬ್ಬ ಮುದುಕಿಯ ಹತ್ತಿರ ಹೋಗಿ ಹಕ್ಕಿ ಏನಾದರೂ ಎದ್ದವಾ ಎಂದು ಕೇಳಿದೆ. "ಹೂಂ ಕಣವ್ವಾ, ಕೊಯ್ತಾ ಕೊಯ್ತಾ ಹೋದಂಗೆ ಎಲ್ಲಾ ಬದುವಿಗೆ ಸೇರ್ಕಂಡಿದ್ವು. ಬೆಂಕಿ ಕೊಟ್ಟಾಗ ಬುರ್ರಂತ ಎದ್ದು ಎತ್ತೆತ್ತಲೋ ಹೋದ್ವು. ಒಂದನ್ನ ನಾಯಿ ಹಿಡೀತು" ಎಂದಳು. ಬದುವಿನ ಮೇಲೆ ಕೂತುಬಿಟ್ಟೆ. ಸೀರೆಗೆಲ್ಲ ಮಸಿಯಾಯಿತು.

ಮುಯ್ಯಾಳಿಗೆ ಊಟ ಹಾಕದೆ ಕಳಿಸುವ ಪದ್ಧತಿಯಿಲ್ಲ. ಎದ್ದು ಮನೆಗೆ ಹೋದೆ. ಹೆಂಗಸರು ಕಿತ್ತು ತಂದಿದ್ದ ಅವರೆಕಾಯಿಯನ್ನು ಕುಕ್ಕೆಯಲ್ಲಿ ಹಜಾರಕ್ಕೆ ತಂದು ಸುರಿದರು. ಎಲ್ಲರೂ ಕೂಡಿ ಬಿಡಿಸಿದೆವು. ಸೊಗಡು ಕೈಗೆ ಅಂಟಿತು. ಸಾರು ಮಾಡಿ, ಮುದ್ದೆ ತೊಳಸಿ ಬಡಿಸಿದೆ. ಒಬ್ಬೊಬ್ಬರೂ ಕೈ ತೊಳೆದು ಏಳುವಾಗ "ಯಜಮಾನ್ರು ಬೇಗ ಗೆದ್ದು ಬರ್ಲಿ ಕಣವ್ವ" ಎಂದರು. ನನಗೆ ಕಣ್ಣೀರು ನಿಲ್ಲಲಿಲ್ಲ. ಗಂಡನ ಕಾಯಿಲೆಗೆ ಅಳುತ್ತಿದ್ದಾಳೆ ಎಂದುಕೊಂಡು ಬೆನ್ನು ಸವರಿದರು. ಸುಳ್ಳೇನಲ್ಲ, ನನಗೂ ಅಷ್ಟರಲ್ಲಿ ಅದು ಬೇರೆ ಇದು ಬೇರೆ ಎನ್ನಿಸುತ್ತಿರಲಿಲ್ಲ. ಅವರೆ ಬಿಟ್ಟದ್ದು ಅವತ್ತು.

ಶಿವಮೊಗ್ಗಕ್ಕೆ ಹಿಂತಿರುಗಿದಾಗ ಮಧ್ಯಾಹ್ನ. ಮಗಳನ್ನು ಊಟಕ್ಕೆ ಕಳಿಸಿ ಸ್ಟೂಲಿನ ಮೇಲೆ ಕೂತೆ. ಇವರು ನನ್ನ ಮುಖ ನೋಡಿಯೇ ಕೇಳಿದರು.

"ಹೋದ್ವಾ?"

ಸುಳ್ಳು ಹೇಳೋಣವೆಂದು ಬಸ್ಸಿನಲ್ಲೆಲ್ಲ ಯೋಚಿಸಿಕೊಂಡು ಬಂದಿದ್ದೆ. ಬಾಯಿ ಬರಲಿಲ್ಲ. ಎಲ್ಲ ಹೇಳಿದೆ. ಮುಯ್ಯಾಳು ಬಂದದ್ದು, ಅರ್ಧ ಕೊಯ್ದ ಹೊಲದ ಮಾತು, ಬೆಂಕಿ. ನಾಯಿಯ ವಿಷಯ ಒಂದನ್ನು ನುಂಗಿಕೊಂಡೆ. ಅವರು ಕಣ್ಣು ಮುಚ್ಚಿದರು. ಆಮೇಲೆ ಕಣ್ಣು ತೆರೆಯದೆಯೇ "ಊಟ ಹಾಕಿದ್ಯಾ ಅವ್ರಿಗೆ?" ಎಂದರು.

"ಹಾಕಿದೆ."

"ಏನ್ ಮಾಡಿದ್ದೆ?"

"ಅವರೆಕಾಳು ಸಾರು, ಮುದ್ದೆ."

"ಒಳ್ಳೇದಾಯ್ತು" ಎಂದರು. ಕಣ್ಣಿನ ತುದಿಯಿಂದ ನೀರು ಇಳಿದು ಕಿವಿಗೆ ಹೋಯಿತು. ನಾನು ಸೆರಗಿನಿಂದ ಒರೆಸಿದೆ. ಸ್ವಲ್ಪ ಹೊತ್ತಾದ ಮೇಲೆ ನನ್ನ ಮಣಿಕಟ್ಟು ಹಿಡಿದು, "ಚಂದ್ರಂಗೆ ಹೇಳ್ಬೇಡ ಕಣೇ. ಯಾವತ್ತೂ ಹೇಳ್ಬೇಡ. ನಾನು ಉಳೀಲಿ ಅಂತ ಮಾಡಿದಾನೆ. ಗೊತ್ತಾದ್ರೆ ಅವ್ನು ತಡ್ಕೊಳಲ್ಲ" ಎಂದರು. ಹೇಳುವುದಿಲ್ಲ ಎಂದೆ. ಇನ್ನೂ ಗಟ್ಟಿಯಾಗಿ ಹಿಡಿದರು. ಹೇಳುವುದಿಲ್ಲ ಎಂದು ಮತ್ತೊಂದು ಸಲ ಹೇಳಿದೆ, ಆಗ ಬಿಟ್ಟರು.

ಸಂಕ್ರಾಂತಿ ಕಳೆದು ಬಷೀರಣ್ಣ ಮಗನ ಭುಜ ಹಿಡಿದುಕೊಂಡು ನೋಡಲು ಬಂದ. ಅವನಿಗೆ ಫೋನಿನಲ್ಲೇ ತಿಳಿಸಿದ್ದೆ. ಇಬ್ಬರೂ ಹೊಲದ ಮಾತೇ ಎತ್ತಲಿಲ್ಲ. ಹಳೆಯ ಬಸ್ಸು, ಹತ್ತಿ ಬಿಲ್ಲು, ಅತ್ತೆಯ ಪೊರಕೆ, ಇದೇ ಮಾತಾಯಿತು. ಹೊರಡುವ ಹೊತ್ತಿಗೆ ಇವರು "ಒಂದ್ಸಲ ಕೂಗೋ ಬಷೀರ" ಎಂದರು. ಬಷೀರಣ್ಣ ಸುತ್ತ ನೋಡಿದ. ವಾರ್ಡಿನ ತುಂಬ ಜನ. ನಾಲಿಗೆಯನ್ನು ಅಂಗುಳಿಗೆ ಒತ್ತಿ, ಅಂಗೈ ಬಾಯಿಗಿಟ್ಟುಕೊಂಡು ಕೂಗಿದ. ಥೇಟ್ ಕೌಜುಗ. ಪಕ್ಕದ ಮಂಚದವರು ಎದ್ದು ಕೂತರು, ನರ್ಸಮ್ಮ ಗದರಿಸಲು ಬಂದವಳು ಬಾಗಿಲಲ್ಲೇ ನಿಂತಳು. ಕೂಗು ಏರುತ್ತಾ ಹೋಗಬೇಕಾದ ಕಡೆ ಬಷೀರಣ್ಣನಿಗೆ ಉಸಿರು ಸಾಲದೆ ಕೆಮ್ಮು ಬಂತು. "ಅಷ್ಟೇ ಸಾಕು ಬಿಡೋ" ಎಂದರು ಇವರು, ಅವನ ಕೈ ತಟ್ಟಿ. ಅವರಿಬ್ಬರು ಮತ್ತೆ ಭೇಟಿಯಾಗಲಿಲ್ಲ.

ಶಿವರಾತ್ರಿಗೆ ಮೊದಲೇ ಇವರು ಹೋದರು. ನಮ್ಮವರಲ್ಲಿ ಸ್ವಂತ ಹೊಲದಲ್ಲೇ ಮಣ್ಣು ಮಾಡುವುದು. ಎಲ್ಲಿ ಎಂದು ಚಂದ್ರಣ್ಣ ಕೇಳಿದ, ಬಡಗಣ ಬದುವಿನ ಹತ್ತಿರ ಎಂದೆ. ಅಲ್ಲೇ ಇದ್ದಾರೆ. ಬಷೀರಣ್ಣ ಮುಂದಿನ ಮಳೆಗಾಲ ನೋಡಲಿಲ್ಲ. ನಾನು ಆ ವರ್ಷ ಕುಡುಗೋಲು ಹಿಡಿಯುವುದನ್ನು ಕಲಿತು, ನಮ್ಮ ಹೊಲಕ್ಕೆ ಬಂದಿದ್ದವರ ಮನೆಮನೆಯ ಹೊಲಕ್ಕೂ ಹೋಗಿ ಮುಯ್ಯಿ ತೀರಿಸಿದೆ. ಬೆರಳು ಕುಯ್ದುಕೊಂಡೆ, ಸೊಂಟ ಹಿಡಿಯಿತು, ಆದರೂ ಒಂದು ಮನೆಯನ್ನೂ ಬಿಡಲಿಲ್ಲ. ಅದೊಂದೇ ನನ್ನ ಕೈಲಾದದ್ದು.

ಹೊಲವನ್ನು ಈಗ ಮತ್ತೆ ಚಂದ್ರಣ್ಣನೇ ಮಾಡುತ್ತಾನೆ. ತನ್ನ ಹೊಲದಲ್ಲಿ ಕಳೆ ಇದ್ದರೂ ಇರಬಹುದು, ಅಣ್ಣನ ಹೊಲದಲ್ಲಿ ಇರಕೂಡದು. ವರ್ಷಕ್ಕೆ ಎರಡು ಸಲ ಔಷಧಿ ಹೊಡೆಯುತ್ತಾನೆ. ಸಮಾಧಿಯ ಸುತ್ತ ಮಾತ್ರ ಔಷಧಿಯನ್ನೂ ನಂಬುವುದಿಲ್ಲ, ತಾನೇ ಮಂಡಿಯೂರಿ ಕೂತು ಕೈಯಿಂದ ಒಂದೊಂದೇ ಗರಿಕೆ ಕೀಳುತ್ತಾನೆ. ಒಂದೆರಡು ಸಲ ನನ್ನ ನಾಲಿಗೆಯ ತುದಿಗೆ ಬಂದದ್ದುಂಟು. ಅಪ್ಪಾ ಚಂದ್ರಣ್ಣ, ಒಂದು ಪಟ್ಟಿ ಬಿಡೋ, ತೊಗರಿ ಹಾಕೋ ಎಂದು. ಯಾಕೆ ಎಂದು ಕೇಳುತ್ತಾನೆ. ಯಾಕೆಂದು ಹೇಳಿದರೆ ಆ ವರ್ಷದ್ದೆಲ್ಲ ಹೇಳಬೇಕಾಗುತ್ತದೆ. ಇವರು ಹಿಡಿದಿದ್ದ ಮಣಿಕಟ್ಟು ನೆನಪಾಗುತ್ತದೆ, ಸುಮ್ಮನಾಗುತ್ತೇನೆ.

ತರೀಕೆರೆಯಿಂದ ಬಂದ ಮಾರನೆಯ ಬೆಳಿಗ್ಗೆ ಸಮಾಧಿಯ ಪೂಜೆಗೆಂದು ಹೊಲಕ್ಕೆ ಹೋದೆ. ಚಂದ್ರಣ್ಣ ಆಗಲೇ ಅಲ್ಲಿದ್ದ. ಮಣ್ಣಾದ ಕೈಯನ್ನು ಪಂಚೆಗೆ ಒರೆಸಿಕೊಂಡು ಎದ್ದು ನಿಂತ. ಬದುವಿನ ಈ ತುದಿಯಿಂದ ಆ ತುದಿಯವರೆಗೆ ನೆಲ ಬೋಳಾಗಿ ಬಿಸಿಲಿಗೆ ಬಿದ್ದಿತ್ತು, ಇರುವೆ ಹೋದರೂ ಕಾಣುವ ಹಾಗೆ. ಎಲ್ಲೂ ಏನೂ ಕೂಗುತ್ತಿರಲಿಲ್ಲ.

"ನೋಡಿ ಅತ್ತಿಗೆ, ಒಂದು ಹುಲ್ಲುಕಡ್ಡಿ ತೋರ್ಸಿ ನೋಡಾಣ" ಎಂದ. "ಅಣ್ಣ ಇದ್ದಿದ್ರೆ ಎಷ್ಟು ಖುಷಿ ಪಡ್ತಿದ್ದ, ಅಲ್ವಾ?"

"ಹೌದು ಕಣಪ್ಪ" ಎಂದೆ.